ಮುರಿಯಲ್ ಥಾರ್ನ್‌ರಾಯ್ಡ್ ಮತ್ತು ಎರಡು ಹತ್ತಿ ಕಡ್ಡಿ

ಮುರಿಯಲ್ ಥಾರ್ನ್‌ರಾಯ್ಡ್ ಇಲ್ಲಿ ಯಾರ್ಕ್‌ಶೈರ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ. ಮೂವತ್ತೆಂಟು ವರ್ಷ ಉಣ್ಣೆ ಗಿರಣಿಯಲ್ಲಿ ದುಡಿದವಳು. ಮಗ್ಗದಿಂದ ಬಂದ ಬಟ್ಟೆಯ ಮೇಲೆ ಬೆರಳಾಡಿಸಿ, ಕಡಿದ ಎಳೆ ಹುಡುಕಿ, ಯಾರಿಗೂ ಗೊತ್ತಾಗದಂತೆ ಹೆಣೆದು ಕಳಿಸುವುದು ಅವಳ ಕೆಲಸ. ಮುಂದಿನ ಸಂಗತಿಯನ್ನು ಅವಳು ನನಗೆ ಹೇಳಿದ್ದು ಗಂಡ ವಿಲ್ಫ್ ತೀರಿಕೊಂಡ ಮೇಲೆ. ಈಗ ಅವಳೂ ಇಲ್ಲ; ಮಗ ನೈಜೆಲ್‌ಗೆ ಕನ್ನಡ ಬಾರದು. ಆದ್ದರಿಂದ ಬರೆಯುತ್ತಿದ್ದೇನೆ.

ವಿಲ್ಫ್ ಬಸ್ ಇನ್ಸ್‌ಪೆಕ್ಟರ್. ಟಿಕೆಟ್ಟಿಗಿಂತ ಒಂದು ಸ್ಟಾಪ್ ಮುಂದೆ ಹೋದಳೆಂದು ಸ್ವಂತ ಅತ್ತೆಯನ್ನೇ ಮಳೆಯಲ್ಲಿ ಕೆಳಗಿಳಿಸಿದವನು. ನಿವೃತ್ತನಾದ ದಿನದಿಂದ ಮನೆಯಲ್ಲಿ ವಂಶಾವಳಿಯ ಹಾವಳಿ. ಹ್ಯಾಲಿಫ್ಯಾಕ್ಸ್ ಮೇಲಿನ ಗುಡ್ಡದಲ್ಲಿ ಏಳುನೂರು ವರ್ಷದ ಹಿಂದೆ ಒಬ್ಬ ಮುಳ್ಳುಗಂಟಿ ಕಡಿದು ಹೊಲ ಮಾಡಿದನಂತೆ, ಥಾರ್ನ್‌ರಾಯ್ಡ್ ಎಂಬ ಆ ಹೊಲದ ಹೆಸರೇ ಅವನಿಗೂ ಅಂಟಿತಂತೆ, ಲೋಕದ ಥಾರ್ನ್‌ರಾಯ್ಡ್‌ಗಳೆಲ್ಲ ಅವನೊಬ್ಬನ ಸಂತಾನವಂತೆ. ಗೋಡೆಯ ಭೂಪಟದಲ್ಲಿ ಅವರಿಗೆಲ್ಲ ಗುಂಡುಸೂಜಿ: ಬ್ರಾಡ್‌ಫರ್ಡ್‌ನಲ್ಲಿ ನಲವತ್ತು, ಟ್ಯಾಸ್ಮೇನಿಯಾದಲ್ಲಿ ಹನ್ನೊಂದು. ಅವರದೊಂದು ಸಂಘ, ಅದಕ್ಕೆ ವಿಲ್ಫ್ ಅಧ್ಯಕ್ಷ. ವರ್ಷಕ್ಕೊಮ್ಮೆ ಚಾಪೆಲ್ ಹಾಲ್‌ನಲ್ಲಿ ಸೇರಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಒಬ್ಬರ ಮೂಗನ್ನೊಬ್ಬರು ನೋಡಿ ಸಂತೋಷಪಡುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಕಾರ್ಯದರ್ಶಿ ಸಿರಿಲ್ ಥಾರ್ನ್‌ರಾಯ್ಡ್ ಚಹಾಕ್ಕೆ ಬಂದು ಬಾಂಬು ಹಾಕಿದ.

"ಡಿಎನ್‌ಎ ಅಂತ ಬಂದಿದೆ ವಿಲ್ಫ್. ಹೆಸರಿನ ಥರಾನೇ ಅಪ್ಪನಿಂದ ಮಗನಿಗೆ ಇಳಿಯುತ್ತಂತೆ. ಮೊದಲು ನಿಂದು, ನೈಜೆಲ್‌ದು ಮಾಡ್ಸೋಣ. ಸಭೇಲಿ ಪರದೆ ಮೇಲೆ ತೋರಿಸಿದ್ರೆ ಎಲ್ಲರಿಗೂ ಧೈರ್ಯ ಬರುತ್ತೆ."

"ಇಷ್ಟು ವರ್ಷ ಮೂಗು ನೋಡಿದ್ದು ಸಾಲ್ದೇನ್ರಪ್ಪಾ?" ಅಂದಳು ಮುರಿಯಲ್.

"ಮೂಗು ಸಾಕ್ಷಿ ಹೇಳಲ್ಲ ಮುರಿಯಲ್."

"ನಿಂದಂತೂ ಹೇಳಲ್ಲ. ಬರೀ ತೂರಿಸ್ಕೊಳ್ಳುತ್ತೆ."

ನಕ್ಕರು. ಅವರು ಕುಡಿದು ಮುಗಿಸುವ ಮೊದಲೇ ಅವಳು ಕಪ್ಪು ಬಸಿ ಎತ್ತಿಕೊಂಡು ಹೋದಳು.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ಗಿರಣಿ ಮುಚ್ಚಿ ಊರಿಗೆ ಊರೇ ಕಡಲತೀರದ ಬ್ಲ್ಯಾಕ್‌ಪೂಲ್‌ಗೆ ರಜೆಗೆ ಹೋಗಿತ್ತು. ಡ್ಯೂಟಿಯೆಂದು ವಿಲ್ಫ್ ಉಳಿದಿದ್ದ, ಮುರಿಯಲ್ ಒಬ್ಬಳೇ ಹೋಗಿದ್ದಳು. ಅಲ್ಲಿ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವನೊಬ್ಬ, ಒಂದು ಸಂಜೆ. ಸಾಲದ್ದಕ್ಕೆ ಪಕ್ಕದ ವೈರಿ ಸೀಮೆ ಲ್ಯಾಂಕಾಶೈರ್‌ನವನು, ನಮ್ಮ ಯಾರ್ಕ್‌ಶೈರ್‌ನಲ್ಲಿ ಅದು ಬೇರೆಯದೇ ಪಾಪ. ಮರುವಸಂತಕ್ಕೆ ನೈಜೆಲ್ ಹುಟ್ಟಿದ. ಯಾರ ಮಗನೆಂಬುದು ಅವಳಿಗೇ ಗೊತ್ತಿರಲಿಲ್ಲ.

ಲೀಡ್ಸ್‌ನಲ್ಲಿದ್ದ ಮಗನಿಗೆ ಗುಟ್ಟಾಗಿ ಫೋನ್ ಮಾಡಿದಳು. "ಬೇಡ ಅಂದ್ಬಿಡೋ."

"ಹತ್ತಿ ಕಡ್ಡೀಲಿ ಕೆನ್ನೆ ಒಳಗೆ ಉಜ್ಜೋದು, ಅಷ್ಟೇ ಅಲ್ವೇನಮ್ಮ? ಅಪ್ಪನ ಆಸೆ, ಇರ್ಲಿ ಬಿಡು."

ಮಗ ಉಜ್ಜಿಕೊಟ್ಟ ಕಡ್ಡಿ ತರಲು ವಿಲ್ಫ್ ತಾನೇ ಬಸ್ಸು ಹತ್ತಿ ಲೀಡ್ಸ್‌ಗೆ ಹೋದ. ಲಕೋಟೆ ಅಂಚೆಗೆ ಬಿತ್ತು. ಆರು ವಾರ ಕಾಯಬೇಕಿತ್ತು. ಎರಡು ಸಲ ಮುರಿಯಲ್ ಬಾಯಿಬಿಡಲು ಹೋದಳು. ಗಂಡ ಭೂಪಟದ ಮುಂದೆ ನಿಂತಿದ್ದ, ಬಾಯಿ ಮುಚ್ಚಿಕೊಂಡಳು. ಫಲಿತಾಂಶ ನೇರ ಸಿರಿಲ್‌ಗೆ ಬಂತು. ಸಭೆಯವರೆಗೂ ಅವನು ತುಟಿ ಎರಡು ಮಾಡಲಿಲ್ಲ.

ಹಾಲ್ ತುಂಬ ನೂರಿಪ್ಪತ್ತು ಥಾರ್ನ್‌ರಾಯ್ಡ್‌ಗಳು. ಮುಂದಿನ ಸಾಲಿನಲ್ಲಿ ವಿಲ್ಫ್, ನೈಜೆಲ್, ನಡುವೆ ಮುರಿಯಲ್. ಸಿರಿಲ್ ಗುಂಡಿ ಒತ್ತಿದ. ಚಿತ್ರ ತಲೆಕೆಳಗಾಗಿ ಬಂತು.

"ಟ್ಯಾಸ್ಮೇನಿಯಾದವರಿಗೆ ಸರಿಯಾಗೇ ಕಾಣುತ್ತೆ!" ಹಿಂದಿನಿಂದ ಯಾರೋ ಕೂಗಿದರು. ಮುರಿಯಲ್ ಕುರ್ಚಿಯ ಅಂಚು ಹಿಡಿದು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ನೋಡಿದಳು. ಹದಿನಾರು.

ಪರದೆ ನೆಟ್ಟಗಾಯಿತು. ಎರಡು ಸಾಲು ಅಂಕಿ. ಸಿರಿಲ್ ಕೋಲು ಹಿಡಿದು ಒಂದೊಂದನ್ನೂ ಓದಿದ. ಇಪ್ಪತ್ತೈದಕ್ಕೆ ಇಪ್ಪತ್ತೈದು ಹೊಂದಿದವು. ಚಪ್ಪಾಳೆ. ನೈಜೆಲ್ ಎದ್ದು ತಲೆಬಾಗಿದ. ಮುರಿಯಲ್ ಅತ್ತಳು, ಅಭಿಮಾನಕ್ಕೆ ಎಂದುಕೊಂಡರು ಜನ.

ಮನೆಗೆ ಬಂದು ಕೋಟು ತೆಗೆಯುವಾಗಲೂ ಅವಳ ಕಣ್ಣು ಒಣಗಿರಲಿಲ್ಲ.

"ನೈಜೆಲ್‌ನ ಕಡ್ಡಿ ಬಸ್ಸಿನ ಕಿಟಕಿಯಿಂದ ಹೋಯ್ತು," ಅಂದ ವಿಲ್ಫ್, ಬೂಟಿನ ಲೇಸು ಬಿಚ್ಚುತ್ತ. "ಕಳಿಸಿದ್ದು ಎರಡೂ ನಂದೇ."

ಅವಳು ಅರ್ಧ ತೆಗೆದ ಕೋಟಿನಲ್ಲೇ ಕುರ್ಚಿ ಎಳೆದು ಕೂತಳು.

"ಬ್ಲ್ಯಾಕ್‌ಪೂಲ್‌ನವನು ನಿಂಗೊಂದು ಕಾಗದ ಬರೆದಿದ್ದ. ಅಂಚೆ ನನ್ನ ಕೈಗೆ ಸಿಕ್ತು."

"ಆವತ್ತಿಂದ ಗೊತ್ತಾ ನಿಂಗೆ? ಹಂಗಾದ್ರೆ ನೈಜೆಲ್..."

"ನಂಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಆಫೀಸಲ್ಲಿ ಕ್ಯೂ ನಿಂತು ಮಗೂಗೆ ಹೆಸರು ಬರೆಸಿದ್ದು ನಾನು. ಅವನು ಥಾರ್ನ್‌ರಾಯ್ಡ್." ಇನ್ನೊಂದು ಬೂಟಿಗೆ ಬಗ್ಗಿದ. "ಸಿರಿಲ್‌ಗೆ ಮಾತ್ರ ಹೇಳ್ಬೇಡ. ನಡಾವಳೀಲಿ ಬರ್ಕೊಂಡ್‌ಬಿಡ್ತಾನೆ."