ಅರಳಿಕಟ್ಟೆಯ ಗಾಜಿನ ಚೂರು

ಚಾಮರಾಜಪೇಟೆಯ ನಮ್ಮ ಬೀದಿಯ ಜನ ತುಂಬ ದೈವಭಕ್ತರು. ಮನೆಯಲ್ಲಿ ದೇವರ ಪಟದ ಗಾಜು ಒಡೆದರೆ ಅದನ್ನು ಕಸದ ಗಾಡಿಗೆ ಹಾಕುವುದಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಮೂಲೆಯ ಅರಳಿಕಟ್ಟೆಯ ಮೇಲಿಟ್ಟು, ಕೈಮುಗಿದು, ಹಿಂತಿರುಗಿ ನೋಡದೆ ಬಂದುಬಿಡುತ್ತಾರೆ. ಪಟದ ಬೆನ್ನಲ್ಲೇ ಹಳೆಯ ಕ್ಯಾಲೆಂಡರು ಬಂತು, ಅದರ ಬೆನ್ನಲ್ಲೇ ಗಣಪತಿಯ ಚಿತ್ರವಿರುವ ಲಗ್ನಪತ್ರಿಕೆ. ಅವೆನ್ಯೂ ರಸ್ತೆಯಲ್ಲಿ ನನ್ನದು ಲಗ್ನಪತ್ರಿಕೆಯದೇ ಅಂಗಡಿ, ಆದ್ದರಿಂದ ಆ ರಾಶಿಗೆ ನನ್ನ ಕೊಡುಗೆಯೂ ಕಡಿಮೆಯೇನಲ್ಲ. ದೇವರು ಬಂದ ಮೇಲೆ ಕವರಿನಲ್ಲಿ ಕಟ್ಟಿದ ಕಸವೂ ಬಂತು. ಯಾರನ್ನು ಕೇಳಿದರೂ ಅದು ಪಕ್ಕದ ಬೀದಿಯವರದು.

ಇದರಿಂದ ನಷ್ಟವಾದದ್ದು ನನ್ನ ಅಮ್ಮನಿಗೆ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಬೆಳಿಗ್ಗೆ ಸ್ನಾನ ಮುಗಿಸಿ ಆ ಮರವನ್ನು ಬರಿಗಾಲಲ್ಲಿ ಸುತ್ತಿದವಳು. ಹೋದ ವರ್ಷ ಅಂಗಾಲಿಗೆ ಗಾಜಿನ ಚೂರು ಹೊಕ್ಕಿತು. ಶುಗರ್ ಇರುವ ಕಾಲು, ಗಾಯ ಬೇಗ ಮಾಯಲಿಲ್ಲ. ಗಾಜು ಇರುವ ತನಕ ಅಲ್ಲಿಗೆ ಬರಿಗಾಲಲ್ಲಿ ಹೋಗಕೂಡದು ಎಂದು ನಾನು ಹಟ ಹಿಡಿದೆ. ಚಪ್ಪಲಿ ಮೆಟ್ಟಿ ಸುತ್ತುವುದಕ್ಕಿಂತ ಸುತ್ತದಿರುವುದೇ ವಾಸಿ ಎಂದು ಅಮ್ಮ ಹೋಗುವುದನ್ನೇ ಬಿಟ್ಟಳು. ಕಿಟಕಿಯಿಂದ ಮರ ನೋಡುತ್ತ ಕೂರುತ್ತಿದ್ದಳು. ನಾನು ಬೀದಿಯವರನ್ನೆಲ್ಲ ಚೆನ್ನಾಗಿ ಬೈಯುತ್ತಿದ್ದೆ, ಮನೆಯೊಳಗೆ ಕೂತು.

ಮಗಳು ಕಾಲೇಜಿನ ಗೆಳೆಯರನ್ನು ಕೂಡಿಸಿಕೊಂಡು ಭಾನುವಾರ ಕಟ್ಟೆ ಚೊಕ್ಕಟ ಮಾಡುತ್ತೇನೆ ಎಂದಾಗ ನಕ್ಕೆ. ತನ್ನ ಹಾಸಿಗೆ ಮಡಿಸದವಳು ಬೀದಿ ಗುಡಿಸುತ್ತಾಳಂತೆ. ಆದರೆ ಭಾನುವಾರ ನಾನು ಕಾಫಿ ಲೋಟ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹುಡುಗ ಹುಡುಗಿಯರು ಗ್ಲೌಸು ಹಾಕಿಕೊಂಡು, ಕವರಿನ ಕಸವನ್ನೆಲ್ಲ ಹಸಿ, ಒಣ ಎಂದು ಬೇರೆ ಮಾಡಿ ಮೂಟೆ ಕಟ್ಟಿದ್ದರು. ಉಳಿದದ್ದು ದೇವರುಗಳು. ಮಗಳು ಪೊರಕೆ ಎತ್ತಿದಳು.

"ದೇವ್ರಿಗೆ ಪೊರಕೆ ತಾಗಿಸ್ಬೇಡ," ಎಂದಳು ಅಮ್ಮ, ನನ್ನ ಹಿಂದೆ ಬಂದು ನಿಂತು.

ನೋಡುತ್ತಿದ್ದ ಅಕ್ಕಪಕ್ಕದವರೂ ಹೌದೆಂದು ತಲೆಯಾಡಿಸಿದರು. ಮಗಳಿಗೆ ನನ್ನದೇ ಸ್ವಭಾವ, ಸಿಟ್ಟು ಮೂಗಿನ ತುದಿಯಲ್ಲೇ. ಇನ್ನು ಮಾತಿಗೆ ಮಾತು ಬೆಳೆಯುತ್ತದೆಂದು ಕಾದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು.

"ಹಬ್ಬ ಆದ್ಮೇಲೆ ಗಣೇಶನ್ನ ಬಕೆಟಲ್ಲಿ ಬಿಡ್ತೀವಲ್ಲ ಅಜ್ಜಿ, ಇವ್ರನ್ನೂ ಹಾಗೇ ಬಿಡ್ಬೋದಾ? ನೀನು ಹೇಳ್ದಂಗೆ ಮಾಡ್ತೀವಿ."

ಅಮ್ಮ ಕುಂಕುಮದ ಭರಣಿ ತರಲು ನನ್ನನ್ನು ಒಳಗೆ ಅಟ್ಟಿದಳು. ಕಟ್ಟೆಯಿಂದ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಹುಡುಗರು ಪಟಗಳ ಚೌಕಟ್ಟು ಬಿಚ್ಚಿ, ಗಾಜನ್ನು ದಪ್ಪ ರಟ್ಟಿನ ಪೆಟ್ಟಿಗೆಗೆ ಹಾಕಿ, ಚಿತ್ರವನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳು ಕುಂಕುಮವಿಟ್ಟು, ಹೋಗಿ ಬಾರಪ್ಪ ಎಂದು ನೀರಿನ ಡ್ರಮ್ಮಿಗೆ ಇಳಿಸುತ್ತಿದ್ದಳು. ನನ್ನ ಅಂಗಡಿಯ ಪತ್ರಿಕೆಗಳಿಗೂ ಅದೇ ಮರ್ಯಾದೆ ಸಿಕ್ಕಿತು. ನೆನೆದು ಮುದ್ದೆಯಾದ ಕಾಗದವನ್ನು ಮರದ ಬುಡದಲ್ಲೇ ಗುಂಡಿ ತೋಡಿ ಹೂತರು. ಆಮೇಲೆ ಕಟ್ಟೆಯ ಸುತ್ತ ಗುಡಿಸಿದರು, ನೀರು ಹೊಯ್ದು ತೊಳೆದರು.

ನೆಲ ಆರುತ್ತಿದ್ದಂತೆ ಅಮ್ಮ ಎದ್ದು ಚಪ್ಪಲಿ ಬಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅಡ್ಡ ಬಂದಳು.

"ನೀನು ತಡಿ ಅಜ್ಜಿ. ಮೊದ್ಲು ನಾವು ಸುತ್ತಿ ನೋಡ್ತೀವಿ."

ಅವಳು ಶೂ ಬಿಚ್ಚಿದಳು, ಸಾಕ್ಸು ಬಿಚ್ಚಿದಳು. ಉಳಿದವರೂ ಬಿಚ್ಚಿದರು. ದೇವರಿಗೆ ದೀಪ ಹಚ್ಚು ಎಂದರೆ ಮುಖ ಸಿಂಡರಿಸುವ ನನ್ನ ಮಗಳು ಮುಂದೆ, ಹಿಂದೆ ಸಾಲಾಗಿ ಅವಳ ಗೆಳೆಯರು, ಅಂಗಾಲನ್ನು ನೆಲಕ್ಕೆ ಒತ್ತಿ ಒತ್ತಿ ಇಡುತ್ತ ಮರ ಸುತ್ತಿದರು. ಒಬ್ಬ ಹುಡುಗ ನಡುವೆ ನಿಂತು, ಕಾಲೆತ್ತಿ, ಸಾಸಿವೆಯಷ್ಟು ಚೂರೊಂದನ್ನು ಕಿತ್ತು ಅಂಗೈಯಲ್ಲಿ ತೋರಿಸಿದ. ಮತ್ತೆ ಗುಡಿಸಿದರು, ಮತ್ತೆ ಸುತ್ತಿದರು. ಈ ಸಲ ಯಾರೂ ನಿಲ್ಲಲಿಲ್ಲ.

ಅಮ್ಮ ಎಲ್ಲರನ್ನೂ ಕರೆದು ಒಬ್ಬೊಬ್ಬರ ಅಂಗಾಲನ್ನೂ ಎತ್ತಿಸಿ ನೋಡಿದಳು. ಆಮೇಲೆ ಮೊಮ್ಮಗಳ ಕೈ ಹಿಡಿದು ಬರಿಗಾಲನ್ನು ನೆಲದ ಮೇಲಿಟ್ಟಳು. ಮಕ್ಕಳೆಲ್ಲ ಅವಳ ಹಿಂದೆಯೇ ನಡೆದರು.

ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸ್ಕೂಟರ್ ನಿಲ್ಲಿಸಿ, ಇವತ್ತು ಏನು ಪೂಜೆ ಎಂದು ನನ್ನನ್ನು ಕೇಳಿದರು.

"ಅಜ್ಜಿ ಕೈ ಹಿಡ್ಕೊಂಡಿದಾಳಲ್ಲ ಸಾರ್, ಅವ್ಳು ನನ್ ಮಗ್ಳು," ಎಂದೆ.