ಜಯಾಬಾಯಿಯ ಬ್ಯಾಲೆ ಪಾಠ

ಮಾನ್ವಿಯ ನಿವೃತ್ತ ಗಣಿತ ಶಿಕ್ಷಕಿ ಜಯಾಬಾಯಿ ಪ್ರತಿ ಭಾನುವಾರ ಬಸ್ಸು ಹತ್ತಿ ರಾಯಚೂರಿಗೆ ಬ್ಯಾಲೆ ಕಲಿಯಲು ಬರುತ್ತಾರೆ. ನೆಲ ಒದ್ದೆಯಿದೆಯೇ ಎಂದು ಅಂಗಾಲಿನಿಂದ ಸವರಿ ನೋಡಿ, ಆಸರೆಗೆ ಹಿಡಿಯಲು ಗೋಡೆಗೆ ಹಾಕಿದ ಸರಳನ್ನು ಎರಡು ಸಲ ಜಗ್ಗಿ, ರಾಯರನ್ನು ನೆನೆದ ಮೇಲೆಯೇ ಹಿಮ್ಮಡಿ ಜೋಡಿಸುತ್ತಾರೆ. ಬೆನ್ನು ನೆಟ್ಟಗಿಟ್ಟು ಮೊಣಕಾಲು ಬಾಗಿಸುವ ‘ಪ್ಲಿಯೆ’ಗೆ ಇಳಿಯುವಾಗ ಉಸಿರೇ ಬಿಡುವುದಿಲ್ಲ. ಪಕ್ಕದ ಪುಟ್ಟ ಹುಡುಗಿಯರು ನಕ್ಕರೆ, “ನಗಬ್ಯಾಡ್ರೇ, ನಕ್ಕರ ನೆಲಾ ಅಲ್ಲಾಡತದ” ಎನ್ನುತ್ತಾರೆ. ತುದಿಗಾಲಲ್ಲಿ ಏಳುವ ಪಾಠವನ್ನು ಒಂದು ತಿಂಗಳಿಂದ “ಮುಂದಿನ ವಾರ ನೋಡೂಣು” ಎಂದೇ ದಾಟಿಸಿದ್ದರು. ಮೊನ್ನೆ, ಕಲಿಸುವ ವೇದಶ್ರೀ ಸರಳು ಬಿಟ್ಟು ಏಳಲು ಹೇಳಿದಾಗ ಅವರ ತುಟಿ ಬಿಳಿಚಿತು. “ಇಷ್ಟು ಅಂಜಿಕಿ ಇದ್ದರ ಯಾಕ ಬರ್ತೀರಿ ಟೀಚರ್?” ಎಂದು ವೇದಶ್ರೀ ಮೆಲ್ಲಗೆ ಕೇಳಿದಳು. “ನಮ್ಮಮ್ಮ ಬಚ್ಚಲದಾಗ ಒಂದೇ ಸಲ ಜಾರಿ ಬಿದ್ದಳು. ಆರು ವರ್ಷ ಹಾಸಿಗಿ ಬಿಟ್ಟು ಏಳಲಿಲ್ಲ. ಆಕಿಗೆ ನಾ ಇದ್ದೆ. ನನಗ ಯಾರದಾರ? ಅದಕ್ಕ ಬೀಳದಂಗ ನಿಲ್ಲೂದು ಕಲೀಲಿಕ್ಕ ಬರ್ತೀನಿ” ಎಂದರು ಜಯಾಬಾಯಿ. ವೇದಶ್ರೀ ಎರಡೂ ಕೈ ಚಾಚಿ, ಮುಟ್ಟದೆ, ಪಕ್ಕದಲ್ಲೇ ನಿಂತಳು. ಜಯಾಬಾಯಿ ಸರಳಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡು, ಹಿಮ್ಮಡಿ ಎತ್ತಿ, ತರಗತಿಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಎಂಟರವರೆಗೆ ಎಣಿಸಿದರು. ಕಣ್ಣಲ್ಲಿ ನೀರಿತ್ತು, ಕಾಲು ಗಡಗಡ ಅನ್ನುತ್ತಿತ್ತು, ಆದರೂ ಅವರು ಬೀಳಲಿಲ್ಲ.