ನೆಣ ತೆಗೆದ ಮಾಂಸ

ಮಂಡಿ ಆಪರೇಷನ್ನಿಗೆ ಮೊದಲು ತೂಕ ಇಳಿಸಲೇಬೇಕೆಂದು ಮೂಳೆ ಡಾಕ್ಟರು ಹೇಳಿದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಬಾಡು ಬಿಡ್ಬೇಕಾ ಸಾರ್?"

"ಯಾವ ಬಾಡು?"

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನೇರವಾಗಿಯೇ, "ದನದ್ದು" ಎಂದಳು.

ಡಾಕ್ಟರು ಮುಖ ಸಿಂಡರಿಸಲಿಲ್ಲ. "ಬಿಡೋದೇನೂ ಬೇಡ. ನೆಣ ಇರೋ ಪೀಸ್ ಬೇಡ, ಎಣ್ಣೇಲಿ ಕರಿಯೋದು ಬೇಡ. ಸ್ವಲ್ಪ ತಿನ್ನಿ" ಎಂದರು. ಆಟೋದಲ್ಲಿ ಬಾಪೂಜಿ ನಗರಕ್ಕೆ ಮರಳುವಾಗ ದಾರಿಯುದ್ದಕ್ಕೂ ಅಕ್ಕ ಆ ಡಾಕ್ಟರನ್ನು ಹೊಗಳಿದಳು.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಳು. ನಾನು ಮದುವೆಯಾದವಳಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಗಳ ತಪ್ಪು ಹುಡುಕುವುದು ನನ್ನ ಕೆಲಸ. ಅಕ್ಕ ಮನೆಯಲ್ಲೇ ಬೀದಿಯವರ ರವಿಕೆ ಹೊಲಿಯುತ್ತಿದ್ದಳು. ಮಿಷನ್ ತುಳಿದೂ ತುಳಿದೂ ಮಂಡಿ ಸವೆಯಿತು ಅನ್ನುತ್ತಿದ್ದಳು. ಡಾಕ್ಟರು ತೂಕದಿಂದ ಅಂದರು.

ಭಾನುವಾರ ಮಾಂಸ ತರುವುದು ನಾನೇ. ಈಗ ಅಂಗಡಿಗೆ ಬರುವುದೆಲ್ಲ ಎಮ್ಮೆಯದೇ ಆದರೂ ಕೇಳುವವರು ಬೀಫ್ ಎಂದೇ ಕೇಳುತ್ತಾರೆ. ಅಷ್ಟು ವರ್ಷ ಎದೆ ಭಾಗವನ್ನೇ ಒಯ್ಯುತ್ತಿದ್ದ ನಾನು ಆ ವಾರ ಬೇಡವೆಂದಾಗ ಅಂಗಡಿಯ ಭಾಯ್ ಕತ್ತಿ ಕೆಳಗಿಟ್ಟರು.

"ಯಾಕಕ್ಕಾ, ಹೋದ ವಾರ ಚೆನ್ನಾಗಿರ್ಲಿಲ್ವಾ?"

"ಚೆನ್ನಾಗೇ ಇತ್ತು ಭಾಯ್. ಅಕ್ಕ ತೂಕ ಇಳಿಸ್ಬೇಕಂತೆ. ನೆಣ ಇಲ್ದಿರೋದು ಕೊಡಿ."

ಅವರು ಹಿಂದಿನ ತೊಡೆ ತೋರಿಸಿದರು, ಬೆನ್ನಿನ ಒಳಗಿನ ಅಂಡರ್‌ಕಟ್ ತೋರಿಸಿದರು. ಅಂಡರ್‌ಕಟ್ ಮೆತ್ತಗಿರುತ್ತದೆ, ಆದರೆ ಹೋಟೆಲಿನವರು ಮೊದಲೇ ಹೇಳಿಟ್ಟಿರುತ್ತಾರೆ. ನಮಗೆ ಸಿಕ್ಕುತ್ತಿದ್ದುದು ತೊಡೆಯೇ. ಮೇಲಿನ ಬಿಳಿ ಪೊರೆ ಸುಲಿಸಿ, ಅಂಚಿನ ನೆಣ ಕೊಯ್ಯಿಸಿ, ಕೆಂಪಗಿನದನ್ನಷ್ಟೇ ತರುತ್ತಿದ್ದೆ. ಕೈಮಾ ಬೇಕಾದಾಗ ರುಬ್ಬಿಟ್ಟಿದ್ದನ್ನು ಮುಟ್ಟುತ್ತಿರಲಿಲ್ಲ, ಅದರಲ್ಲಿ ಏನೆಲ್ಲ ಸೇರಿರುತ್ತದೋ. ನನ್ನೆದುರಿಗೇ ತೊಡೆ ಮಾಂಸ ರುಬ್ಬಿಸುತ್ತಿದ್ದೆ. ಮನೆಯಲ್ಲಿ ಕುಕ್ಕರಿನಲ್ಲಿ ಬೇಯಿಸಿ, ರಸವನ್ನು ಫ್ರಿಜ್ಜಿನಲ್ಲಿಟ್ಟು, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ ಬಿಸಾಡಿ, ಆಮೇಲೆ ಮೆಂತ್ಯ ಸೊಪ್ಪು ಹಾಕಿ ಸಾರು ಮಾಡುತ್ತಿದ್ದೆ.

"ಇದೇನೇ ಇದು, ದಾರ ಅಗಿದಂಗೈತೆ" ಎಂದು ಅಕ್ಕ ಗೊಣಗುತ್ತಿದ್ದಳು. ಆದರೂ ತಿನ್ನುತ್ತಿದ್ದಳು. ನಡುನಡುವೆ ನನಗೂ ತಾಕೀತು: "ನೀನೇನು ಕಮ್ಮಿ ಇದ್ದೀಯಾ? ಅನ್ನ ತೆಗೀ ಆ ಕಡೆ."

ತೂಕ ಇಳಿಯಿತು. ಮೊದಲು ನಿಧಾನಕ್ಕೆ, ಆಮೇಲೆ ಬೇಗ. ಅಕ್ಕ ತನ್ನ ರವಿಕೆಗಳಿಗೆ ತಾನೇ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡಳು. ಕೆಲವು ವಾರ ಬಿಟ್ಟು ಮತ್ತೆ ಬಿಗಿ ಮಾಡಿದಳು. ಎದುರು ಮನೆಯಾಕೆ ಏನು ತಿಂತೀರಾ ಆಂಟಿ ಎಂದು ಕೇಳಿದಾಗ, ಅಕ್ಕ ಬಾಗಿಲಲ್ಲಿ ನಿಂತು ತೊಡೆ ಮಾಂಸದ ಬಗ್ಗೆ ಪಾಠವನ್ನೇ ಮಾಡಿದಳು. ನಾನು ಒಳಗೆ ನಗುತ್ತಿದ್ದೆ. ನಾವು ಖುಷಿಯಾಗಿದ್ದೆವು. ಅದನ್ನು ಹಾಗೆಯೇ ಹೇಳಬೇಕು.

ಆಮೇಲೆ ತಟ್ಟೆಯಲ್ಲಿ ಉಳಿಯತೊಡಗಿತು. ಬೇಗ ಹೊಟ್ಟೆ ತುಂಬುತ್ತದೆ ಅಂದಳು, ಬೆನ್ನು ನೋವು ಅಂದಳು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ಕೊಡು ಎಂದು ಮುಖ ಎತ್ತಿದಾಗ ಕಣ್ಣು ಹಳದಿಯಾಗಿತ್ತು. ಕಾಮಾಲೆ ಅಂದುಕೊಂಡು ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದರು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಹರಡಿದೆ ಎಂದರು.

"ತೂಕ ಯಾವಾಗಿಂದ ಇಳೀತಾ ಇದೆ?" ಅಲ್ಲಿಯ ಡಾಕ್ಟರಮ್ಮ ಕೇಳಿದರು.

"ಡಯಟ್ ಮಾಡ್ತಾ ಇದ್ವಿ ಮೇಡಂ. ನೆಣ ತೆಗೆದು ತಿಂತಿದ್ವಿ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಡಯಟ್‌ಗೆ ಇಷ್ಟು ಇಳಿಯಲ್ಲಮ್ಮ" ಎಂದರು, ಮೆತ್ತಗೆ. ನಾನು ಸರಿ ಎಂದೆ. ಆಗ ನನಗೇನಾಯಿತೆಂದು ಈಗಲೂ ಹೇಳಲಾರೆ. ಏನೂ ಆಗಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತಿದ್ದವರ ಸೀರೆಯ ಅಂಚಿನ ಹೊಲಿಗೆ ಬಿಟ್ಟಿದ್ದು ಕಣ್ಣಿಗೆ ಬಿತ್ತು.

ಇನ್ನು ಏನು ಬೇಕೋ ಅದು ತಿನ್ನಲಿ ಎಂದು ಮನೆಗೆ ಕಳಿಸಿದರು. ಭಾನುವಾರ ಎದೆ ಭಾಗ ಕೇಳಿದೆ, ನೆಣ ಸಮೇತ.

"ಡಯಟ್ ಮುಗೀತಾ ಅಕ್ಕಾ?" ಭಾಯ್ ನಕ್ಕರು.

"ಮುಗೀತು."

ಅಕ್ಕ ಇಷ್ಟಪಡುತ್ತಿದ್ದ ಹಾಗೆಯೇ ಹುರಿದು, ಖಾರ ಅರೆದು ಮಾಡಿದೆ. ಬೀದಿಗೆಲ್ಲ ಘಮ ಬಂತು. ಅವಳು ರಸವನ್ನಷ್ಟೇ ನಾಲಿಗೆಗೆ ಮುಟ್ಟಿಸಿಕೊಂಡಳು.

"ಚೆನ್ನಾಗೈತೆ ಕಣೇ. ನೀನು ತಿನ್ನು, ನಾನು ನೋಡ್ತೀನಿ."

ಅವಳ ಎದುರು ಕೂತು ತಟ್ಟೆ ಖಾಲಿ ಮಾಡಿದೆ. ಅವಳು ಗೋಡೆಗೊರಗಿ ನೋಡುತ್ತಲೇ ಇದ್ದಳು.

ಯುಗಾದಿಗೆ ಮೊದಲೇ ಹೋದಳು. ಮಂಡಿ ಆಪರೇಷನ್ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿಗೆ ಹೋದೆ. ಭಾಯ್‌ಗೆ ಯಾರೋ ಹೇಳಿದ್ದರು. ನಗಲಿಲ್ಲ. "ಯಾವುದು ಕೊಡ್ಲಿ ಅಕ್ಕಾ?" ಎಂದರು. ಕೊಕ್ಕೆಗಳಲ್ಲಿ ಎಲ್ಲವೂ ತೂಗುತ್ತಿದ್ದವು, ಯಾವುದನ್ನು ಕೇಳಿದರೂ ಒಂದೇ ಅನ್ನಿಸಿತು. ಹಿಂದೆ ನಿಂತವರು ಅವಸರಪಡಿಸಿದರು. ಭಾಯ್ ತಾವೇ ತೊಡೆ ಮಾಂಸ ಕೊಯ್ದು, ಪೊರೆ ಸುಲಿದು, ಕರಿ ಕವರಿಗೆ ಹಾಕಿ ಕೊಟ್ಟರು.

ಈಗಲೂ ಅದನ್ನೇ ತರುತ್ತೇನೆ. ಒಬ್ಬಳಿಗೆ ಬೇಯಿಸುತ್ತೇನೆ, ಮಿಕ್ಕಿದ್ದನ್ನು ಸೋಮವಾರ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ಎಂದು ಕೇಳಿದರೆ ನನಗೆ ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ. ತಿನ್ನುತ್ತೇನೆ.